ಬೀಡಿನ ಬಿಲ್ಲೆ

ವಾಹನದ ಓಟವನ್ನು ಹೊಗಳುವವರು ಬಹು ಮಂದಿ. ಅದು ನಿಲ್ಲುವ ಬಗೆಯನ್ನು ಕುರಿತು ಯೋಚಿಸುವವರು ವಿರಳ. ಗುಬ್ಬಿಯಿಂದ ದಿನವೂ ರೈಲಿನಲ್ಲಿ ಬಂದು ತುಮಕೂರಿನಲ್ಲಿ ಇತಿಹಾಸ ಓದುವ ನನಗೆ ಆ ಯೋಚನೆ ಹತ್ತಿಸಿದ್ದು ಕುಣಿಗಲ್ಲಿನ ಸೋದರಮಾವನವರ ಬಾಡಿಗೆ ಕಾರು. ಬ್ರೇಕು ಒತ್ತಿದೊಡನೆ ಅದರ ಸ್ಟೀರಿಂಗು ಗಡಗಡನೆ ನಡುಗುತ್ತಿತ್ತು.

ಆ ಕಾರಿನ ಮುಂದಿನ ಚಕ್ರಗಳೊಳಗೆ ಬೀಡುಕಬ್ಬಿಣದ ಬಿಲ್ಲೆಗಳುಂಟು, ಡಿಸ್ಕು ಎನ್ನುತ್ತಾರೆ. ಎರಡು ಪಕ್ಕದಿಂದಲೂ ಪ್ಯಾಡುಗಳು ಅದನ್ನು ಅಮುಕಿ ಹಿಡಿದರೆ ಕಾರು ನಿಲ್ಲುತ್ತದೆ. ಲ್ಯಾಂಚೆಸ್ಟರ್ ಎಂಬ ಆಂಗ್ಲ ಎಂಜಿನಿಯರು 1902ರಲ್ಲೇ ಇದಕ್ಕೆ ಪೇಟೆಂಟು ಪಡೆದಿದ್ದರು. ನಮ್ಮ ದೇಶದ ಸಾಮಾನ್ಯ ಸಂಸಾರಗಳಿಗೆ ಅದರ ಪರಿಚಯವಾದದ್ದು 1983ರಲ್ಲಿ ಮಾರುತಿ 800 ಬಂದ ಮೇಲೆ. ಬಿಲ್ಲೆಯ ದಪ್ಪದಲ್ಲಿ ಮಿಲಿಮೀಟರಿನ ನೂರರಲ್ಲಿ ಎರಡು ಮೂರು ಪಾಲು ಏರುಪೇರಾದರೂ ಚಾಲಕನ ಪಾದಕ್ಕೆ ತಿಳಿದುಬಿಡುತ್ತದಂತೆ. ನಮ್ಮ ಪರೀಕ್ಷಕರಿಗೆ ಇಷ್ಟು ಸೂಕ್ಷ್ಮವಿಲ್ಲದಿರುವುದು ನಮ್ಮ ಪುಣ್ಯ!

ಹೊಸ ಜೋಡಿ ಕೊಳ್ಳುವ ಬದಲು ಹಳೆಯದನ್ನೇ ಲೇತಿಗೆ ಕೊಟ್ಟು ಮಟ್ಟ ಮಾಡಿಸಬೇಕೆಂದು ಮಾವನವರ ಹಟ. ಅದೂ ನ್ಯಾಯವೇ, ಮಗಳ ಕಾಲೇಜು ಶುಲ್ಕ ಕಟ್ಟಬೇಕಾದ ತಿಂಗಳದು. ತುಮಕೂರಿನ ಲೇತ್ ಅಂಗಡಿಯೊಂದಕ್ಕೆ ನಾನೂ ಜೊತೆಗೆ ಹೋದೆ. ಅಲ್ಲಿ ಯಾವುದೋ ಲಾರಿಯ ಬ್ರೇಕ್ ಡ್ರಮ್ಮು ತಿರುಗುತ್ತಿತ್ತು. ಉಕ್ಕಾದರೆ ಸುರುಳಿ ಸುರುಳಿಯಾಗಿ ಏಳುತ್ತದೆ. ಬೀಡು ಹಾಗಲ್ಲ, ರಾಗಿ ಹಿಟ್ಟಿನಂತೆ ಪುಡಿಪುಡಿಯಾಗಿ ಉದುರುತ್ತದೆ. ಅದರೊಳಗಿನ ಗ್ರಾಫೈಟಿನಿಂದ ಮೇಸ್ತ್ರಿಯವರ ಕೈಯೆಲ್ಲ ಕಪ್ಪು.

ಕೈ ಒರೆಸಿಕೊಂಡು ಅವರು ನಮ್ಮ ಬಿಲ್ಲೆಗಳನ್ನು ಮೈಕ್ರೋಮೀಟರಿನಿಂದ ಸುತ್ತಲೂ ಎಂಟೆಂಟು ಕಡೆ ಅಳೆದರು. ಹೊಸತರಲ್ಲಿ 22 ಮಿಲಿಮೀಟರ್ ಇದ್ದದ್ದು. ಕನಿಷ್ಠ 20 ಇರಬೇಕೆಂದು ಅಂಚಿನಲ್ಲೇ ಅಚ್ಚೊತ್ತಿತ್ತು. ಒಂದು 21.2 ಇತ್ತು, ಇನ್ನೊಂದು 20.3, ಅದರಲ್ಲೂ ಆಳವಾದ ಗೀರುಗಳು. ಅವು ಹೋಗಬೇಕಾದರೆ ಎರಡು ಮೈಯಿಂದಲೂ ಕಾಲು ಮಿಲಿಮೀಟರ್ ತೆಗೆಯಬೇಕು.

“ಇದನ್ನ ನಾನು ಮುಟ್ಟಲ್ಲಣ್ಣ” ಎಂದರು ಮೇಸ್ತ್ರಿ.

“ಇಷ್ಟು ದಪ್ಪ ಐತಲ್ಲಪ್ಪ, ಒಂಚೂರು ಹೊಡಿ.”

“ದಪ್ಪ ಕಣ್ಣಿಗೆ ಕಾಣ್ತೈತೆ. ಘಾಟಿ ಇಳಿಯೋವಾಗ ಹಿಂದೆ ಜನ ಕೂತಿರ್ತಾರೆ.”

ಬ್ರೇಕೆಂದರೆ ವೇಗವನ್ನು ಶಾಖವಾಗಿಸುವ ಉಪಾಯ. ಆ ಶಾಖವನ್ನು ನುಂಗಬೇಕಾದದ್ದು ಬಿಲ್ಲೆ. ತೆಳುವಾದಷ್ಟೂ ಅದು ಬೇಗ ಕಾಯುತ್ತದೆ. ಮಿತಿಮೀರಿ ಕಾದರೆ ಪ್ಯಾಡಿನ ಹಿಡಿತ ಸಡಿಲುತ್ತದೆ. ಧರ್ಮಸ್ಥಳದ ಯಾತ್ರಿಕರನ್ನು ಕೂರಿಸಿಕೊಂಡು ಮಾವನವರು ತಿಂಗಳಿಗೆ ಮೂರು ನಾಲ್ಕು ಬಾರಿ ಇಳಿಯುವುದು ಶಿರಾಡಿ ಘಾಟಿಯನ್ನು.

ಅವರು ಬಹಳ ಹೊತ್ತು ಮಾತಾಡಲಿಲ್ಲ. ಒಂದೇ ಬಿಲ್ಲೆ ಬದಲಾಯಿಸಿದರೆ ಎಡಬಲದ ಹಿಡಿತ ಹೊಂದುವುದಿಲ್ಲವಾದ್ದರಿಂದ ಜೋಡಿಯನ್ನೇ ಕೊಂಡರು. ಅಳತೆ ನೋಡಿದ್ದಕ್ಕೆ ಮೇಸ್ತ್ರಿ ಕಾಸು ಮುಟ್ಟಲಿಲ್ಲ. ಶುಲ್ಕಕ್ಕೆ ಹದಿನೈದು ದಿನ ಗಡುವು ಬೇಡುವ ಅರ್ಜಿಯನ್ನು ಅಲ್ಲೇ, ಲೇತಿನ ಪಕ್ಕದ ಬೆಂಚಿನ ಮೇಲೆ ಕುಳಿತು ನಾನು ಬರೆದುಕೊಟ್ಟೆ. ಕಾಗದದ ಮೂಲೆಯಲ್ಲಿ ಮಾವನವರ ಹೆಬ್ಬೆರಳಿನ ಕಪ್ಪು ಗುರುತು ಉಳಿಯಿತು.