ಸ್ಕೈ ದ್ವೀಪದ ಖಾಲಿ ಬೆಟ್ಟಗಳು

ಸ್ಕೈ ಎಂದೊಡನೆ ಆಕಾಶ ನೆನಪಾಗಬಹುದು. ಆದರೆ ಇದು ಸ್ಕಾಟ್ಲೆಂಡಿನ ವಾಯವ್ಯ ಕರಾವಳಿಯ ಪಕ್ಕದಲ್ಲಿರುವ ಒಂದು ದ್ವೀಪ. ವಿಸ್ತಾರ ಸುಮಾರು 1,650 ಚದರ ಕಿ.ಮೀ. 1995ರಲ್ಲಿ ಸೇತುವೆ ಆದ ಮೇಲೆ ಹಡಗಿಗೆ ಕಾಯದೆ ಕಾರಿನಲ್ಲೇ ಇಲ್ಲಿಗೆ ಬರಬಹುದು.

ದ್ವೀಪದ ಮುಖ್ಯ ಊರು ಪೋರ್ಟ್ರಿ. ಅಲ್ಲಿಂದ ಉತ್ತರದ ಟ್ರಾಟರ್ನಿಶ್ ಭೂಶಿರವನ್ನು ಸುತ್ತಿ ಮರಳಲು ಸುಮಾರು 80 ಕಿ.ಮೀ. ಹಾದಿ. ಕೆಲವೆಡೆ ರಸ್ತೆ ಒಂದೇ ವಾಹನದಷ್ಟು ಅಗಲ. ಎದುರು ಕಾರು ಕಂಡರೆ ಯಾರಾದರೊಬ್ಬರು ರಸ್ತೆಯಂಚಿನ ತಂಗುಜಾಗದಲ್ಲಿ ನಿಂತು ದಾರಿ ಬಿಡಬೇಕು. ದಾಟಿ ಹೋಗುವವರು ಕೈಯೆತ್ತಿ ವಂದಿಸುವುದು ಇಲ್ಲಿನ ವಾಡಿಕೆ.

ಮೊದಲು ಕಾಣುವುದು 'ಸ್ಟಾರ್‌ನ ಮುದುಕ' ಎಂಬ, ಸುಮಾರು 50 ಮೀಟರ್ ಎತ್ತರದ ಒಂಟಿ ಕಲ್ಲುಗಂಬ. ಮುಂದೆ ಕಿಲ್ಟ್ ರಾಕ್. ನಿರಿಗೆ ಹಿಡಿದ ಬಟ್ಟೆಯಂಥ ಬಂಡೆಗೋಡೆ. ಪಕ್ಕದಲ್ಲೇ ಜಲಪಾತವೊಂದು ನೇರ ಸಮುದ್ರಕ್ಕೆ ಧುಮುಕುತ್ತದೆ. ಸ್ಟಾಫಿನ್ ಕಡಲತೀರದಲ್ಲಿ ಇಳಿತದ ಹೊತ್ತು ಡೈನೋಸಾರ್‌ಗಳ ಹೆಜ್ಜೆ ಗುರುತು ನೋಡಬಹುದು.

ನಂತರ ಬರುವುದು ಕ್ವಿರೈಂಗ್. ಸುಮಾರು 6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸ ಹೆಪ್ಪುಗಟ್ಟಿ ಭಾರವಾದ ಬಂಡೆಯಾಯಿತು. ಅದರಡಿಯ ಹಳೆಯ ಕಲ್ಲು ಮೆದು. ಹೊರೆ ತಾಳದೆ ಗುಡ್ಡವೇ ಜಾರಿತು. ಆ ಜಾರಿಕೆ ಇನ್ನೂ ನಿಂತಿಲ್ಲ. ಫ್ಲೋಡಿಗ್ಯಾರಿ ಬಳಿ ವರ್ಷ ವರ್ಷವೂ ರಸ್ತೆ ರಿಪೇರಿ ಆಗಬೇಕು.

ದಾರಿಯುದ್ದಕ್ಕೂ ಹಸಿರು ಗುಡ್ಡ, ಮೇಯುವ ಕುರಿ, ನೀರವ. ಎಂಥ ಪ್ರಶಾಂತ ಸ್ಥಳ ಅನ್ನಿಸುತ್ತದೆ. ಆದರೆ ಈ ಬರಿದು ಬರೀ ಪ್ರಕೃತಿಯ ಕೆಲಸವಲ್ಲ. 1841ರಲ್ಲಿ ದ್ವೀಪದಲ್ಲಿ ಸುಮಾರು 23 ಸಾವಿರ ಜನರಿದ್ದರು. 2011ರ ಗಣತಿಯಲ್ಲಿ 10 ಸಾವಿರ. ಕುರಿ ಸಾಕಣೆಯಲ್ಲಿ ಲಾಭ ಕಂಡ ಜಮೀನುದಾರರು 19ನೇ ಶತಮಾನದಲ್ಲಿ ಗೇಣಿದಾರರನ್ನು ಊರೂರಿನಿಂದಲೇ ಒಕ್ಕಲೆಬ್ಬಿಸಿದರು. ಬೆಳೆ ನಾಶ, ಹಸಿವು ಉಳಿದವರನ್ನೂ ಬಿಡಲಿಲ್ಲ. ಎಷ್ಟೋ ಮಂದಿ ಕೆನಡಾ, ಆಸ್ಟ್ರೇಲಿಯಾಗಳಿಗೆ ಹಡಗು ಹತ್ತಿದರು.

ಸುತ್ತು ಮುಗಿಸಿ ಪೋರ್ಟ್ರಿಗೆ ಬಂದವರು ದಕ್ಷಿಣಕ್ಕೆ ಇನ್ನಷ್ಟು ದೂರ ಸಾಗಿದರೆ ಬ್ರೇಸ್ ಸಿಗುತ್ತದೆ. ಹಿಂದೆ ಕೈತಪ್ಪಿದ್ದ ಗುಡ್ಡದ ಗೋಮಾಳಕ್ಕಾಗಿ 1882ರಲ್ಲಿ ಇಲ್ಲಿನ ರೈತರು ಗೇಣಿ ಕೊಡಲು ಒಪ್ಪಲಿಲ್ಲ. ಗ್ಲಾಸ್ಗೋದಿಂದ ಬಂದ ಪೊಲೀಸರನ್ನು ಹೆಂಗಸರೂ ಸೇರಿ ಕಲ್ಲು ಹಿಡಿದು ಎದುರಿಸಿದರು. ಸರ್ಕಾರ ವಿಚಾರಣಾ ಆಯೋಗ ನೇಮಿಸಿತು. 1886ರ ಕಾಯಿದೆ ಸಣ್ಣ ಹಿಡುವಳಿದಾರರಿಗೆ ನೆಲದ ಭದ್ರತೆ, ನ್ಯಾಯವಾದ ಗೇಣಿ, ಮಕ್ಕಳಿಗೆ ಹಿಡುವಳಿ ದಾಟಿಸುವ ಹಕ್ಕು ಕೊಟ್ಟಿತು. ಆ ಹೋರಾಟದ ನೆನಪಿಗೆ ಅಲ್ಲೊಂದು ಕಲ್ಲುಗುಪ್ಪೆ ಇದೆ.

ಜನರ ಜತೆ ಸೊರಗಿದ್ದು ಅವರ ಗೇಲಿಕ್ ಭಾಷೆ. ಅದಕ್ಕೆಂದೇ 1973ರಲ್ಲಿ ದ್ವೀಪದ ದಕ್ಷಿಣದಲ್ಲಿ, ಹಳೆಯ ಫಾರ್ಮ್ ಕಟ್ಟಡಗಳಲ್ಲಿ ಕಾಲೇಜೊಂದು ಶುರುವಾಯಿತು. ಇಂದು ಅಲ್ಲಿ ಗೇಲಿಕ್ ಮಾಧ್ಯಮದಲ್ಲೇ ಪದವಿ ಪಡೆಯಬಹುದು. ಸ್ಕೈ ನೋಡಲು ಹೋದವರು ರಸ್ತೆಬದಿಯ ದ್ವಿಭಾಷಾ ಫಲಕಗಳನ್ನೂ ಒಮ್ಮೆ ನಿಧಾನವಾಗಿ ಓದಲಿ.