ಕುಡಿಯದವನ ದ್ರಾಕ್ಷಾಯಾತ್ರೆ

ಒಂದು ಸೀಮೆಯನ್ನು ನೋಡಲು ಹೊರಟವನು ಎಷ್ಟು ವೇಗವಾಗಿ ಹೋಗಬೇಕೆಂಬ ಪ್ರಶ್ನೆಯನ್ನು ತನ್ನ ಕೈಯಲ್ಲಿರುವ ಹಣವನ್ನೋ ಮೇಲಧಿಕಾರಿ ಮಂಜೂರು ಮಾಡಿದ ರಜೆಯನ್ನೋ ಕೇಳಿ ತೀರ್ಮಾನಿಸಿಕೊಳ್ಳುವುದು ಲೋಕರೂಢಿ. ನ್ಯಾಯವಾಗಿ ನೋಡಿದರೆ ಆ ಪ್ರಶ್ನೆಯನ್ನು ಕೇಳಬೇಕಾದದ್ದು ಆ ಸೀಮೆಯನ್ನೇ. ನೂರಾರು ಮೈಲಿ ಒಂದೇ ಬಗೆಯಾಗಿ ಹರಡಿದ ಬಯಲನ್ನು ರೈಲಿನ ಕಿಟಕಿಯಿಂದ ನೋಡಿದರೂ ಅದಕ್ಕೆ ಅಪಚಾರವಾಗದು. ಅಡಿಗೊಂದು ಶಿಲ್ಪವಿರುವ ದೇವಾಲಯದ ಪ್ರಾಕಾರವನ್ನು ಕಾಲ್ನಡಿಗೆಯಲ್ಲಲ್ಲದೆ ನೋಡುವಂತಿಲ್ಲ. ಇವೆರಡರ ನಡುವೆ, ಬೈಸಿಕಲ್ಲಿನ ವೇಗಕ್ಕೆ ಅಳತೆಮಾಡಿ ಇಟ್ಟಂತಿರುವ ಸೀಮೆಯೊಂದುಂಟು. ಅದು ಫ್ರಾನ್ಸಿನ ಬರ್ಗಂಡಿ ಪ್ರಾಂತದಲ್ಲಿ, ಡಿಜೋನ್ ಪಟ್ಟಣದಿಂದ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರುಗಳಷ್ಟು ಉದ್ದಕ್ಕೂ ಪೂರ್ವಾಭಿಮುಖವಾಗಿ ಇಳಿದಿರುವ, ಕೋಟ್ ದೋರ್ ಎಂದು ಪ್ರಸಿದ್ಧವಾದ ದ್ರಾಕ್ಷಿಯ ಇಳಿಜಾರು.

ಈ ಇಳಿಜಾರಿನ ಅಗಲ ಬಲು ಕಡಮೆ. ಎಷ್ಟೋ ಕಡೆ ಒಂದು ಮೈಲಿಯೂ ಇಲ್ಲ. ಆದರೆ ಅಷ್ಟರಲ್ಲಿಯೇ, ಪ್ರತಿಯೊಂದಕ್ಕೂ ತನ್ನದೇ ಹೆಸರು, ತನ್ನದೇ ಎಲ್ಲೆ, ತನ್ನದೇ ರುಚಿಯೆಂಬ ಖ್ಯಾತಿ ಇರತಕ್ಕ 1247 ತುಂಡುಗಳನ್ನು ಅಲ್ಲಿನ ಜನ ಶತಮಾನಗಳಿಂದ ಬೇರೆಬೇರೆಯಾಗಿ ಗುರುತಿಸಿಕೊಂಡು ಬಂದಿದ್ದಾರೆ. ಅವರ ಭಾಷೆಯಲ್ಲಿ ಅವು ‘ಕ್ಲಿಮಾ’ಗಳು. 2015ರಲ್ಲಿ ಯುನೆಸ್ಕೋ ಸಂಸ್ಥೆ ಅವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಮೋಟಾರಿನಲ್ಲಿ ಹೋಗುವವನಿಗೆ ಇವುಗಳಲ್ಲಿ ಹತ್ತಾರು ಒಂದೇ ಹಸಿರು ಪಟ್ಟೆಯಾಗಿ ಹಿಂದಕ್ಕೆ ಓಡಿಹೋಗುತ್ತವೆ. ನಡೆಯುವವನಿಗಾದರೋ ಒಂದು ಮುಗಿದು ಇನ್ನೊಂದು ಬರುವಷ್ಟರಲ್ಲಿ ಹಿಂದಿನದು ಮರೆತೇ ಹೋಗಿರುತ್ತದೆ. ಬೈಸಿಕಲ್ಲಿನ ಮೇಲೆ ಕುಳಿತವನಿಗೆ ಮಾತ್ರ, ಒಂದರ ನೆನಪು ಮೈಯಲ್ಲಿ ಆರುವುದಕ್ಕೆ ಮೊದಲೇ ಮತ್ತೊಂದು ಎದುರಾಗಿ, ಎರಡನ್ನೂ ಹೋಲಿಸಿ ನೋಡುವ ಸುಖ ಲಭಿಸುತ್ತದೆ.

ಇಂಥ ಹೋಲಿಕೆಗೆ ನಿಶ್ಶಬ್ದತೆ ಬೇಕು. ಅದು ಇಲ್ಲಿ ಧಾರಾಳವಾಗಿ ದೊರೆಯುವುದಕ್ಕೆ ಕಾರಣವುಂಟು. ಪ್ಯಾರಿಸಿನಿಂದ ದಕ್ಷಿಣಕ್ಕೆ ಧಾವಿಸುವ ವಾಹನಗಳನ್ನೆಲ್ಲ ದೂರದ ಹೆದ್ದಾರಿ ಹೊತ್ತುಕೊಂಡಿದೆ. ಲಾರಿಗಳೂ ಪೇಟೆಯ ಸಂಚಾರವೂ ಇಳಿಜಾರಿನ ಬುಡದ ರಸ್ತೆಗೆ ಸಂದಿವೆ. ಆ ರಸ್ತೆಯ ಮೇಲ್ಗಡೆ, ಬಳ್ಳಿಯ ಸಾಲುಗಳ ನಡುವೆ ಹೊಲದ ಕೆಲಸಕ್ಕೆಂದು ಮಾಡಿದ ಸಣ್ಣ ಹಾದಿಗಳು ಟ್ರಾಕ್ಟರುಗಳಿಗೂ ಸೈಕಲ್ಲುಗಳಿಗೂ ಉಳಿದಿವೆ. ಬೋನ್ ಪಟ್ಟಣದಿಂದ ಹೊರಟು ಪೊಮಾರ್, ವೋಲ್ನೆ, ಮೆರ್ಸೋ, ಪುಲಿನ್ಯಿ, ಶಸಾನ್ ಗ್ರಾಮಗಳನ್ನು ಹಾದು ಸಾಂತನೆಯನ್ನು ಮುಟ್ಟುವ ಇಪ್ಪತ್ತು ಚಿಲ್ಲರೆ ಕಿಲೋಮೀಟರುಗಳ ಸೈಕಲ್ ದಾರಿ ಬಹುಪಾಲು ಇಂಥ ಹಾದಿಗಳನ್ನೇ ಪೋಣಿಸಿ ಮಾಡಿದ್ದು. ಮೋಟಾರು ರಸ್ತೆಗೆ ಬಂದಾಗಲೂ ಭಯವಿಲ್ಲ. ಊರ ಹೊರಗೆ ಸೈಕಲ್ಲನ್ನು ಹಿಂದೆ ಹಾಕುವವನು ಒಂದೂವರೆ ಮೀಟರು ದೂರ ಬಿಟ್ಟು ಹೋಗತಕ್ಕದ್ದೆಂದು ಅಲ್ಲಿ ಕಾನೂನಿದೆ. ಬೆಂಗಳೂರಿನ ರಸ್ತೆಗಳಲ್ಲಿ ಪಳಗಿದ ನನ್ನಂಥವನಿಗೆ, ಬೆನ್ನ ಹಿಂದೆ ಬಂದ ಕಾರೊಂದು ಹಾರ್ನು ಬಾರಿಸದೆ ತಿರುವು ಮುಗಿಯುವವರೆಗೆ ತಾಳ್ಮೆಯಿಂದ ಹಿಂಬಾಲಿಸಿದಾಗ ಮೊದಮೊದಲು ನೆಮ್ಮದಿಗಿಂತ ಸಂಶಯವೇ ಹೆಚ್ಚಾಯಿತು.

ದ್ರಾಕ್ಷಾರಸದ ಗುಣಾಗುಣಗಳನ್ನು ಕುರಿತ ಗ್ರಂಥಗಳಲ್ಲಿ ಮಣ್ಣು, ಇಳುಕಲು, ಗಾಳಿ ಮೊದಲಾದವುಗಳ ವಿವೇಚನೆ ಪುಟಗಟ್ಟಲೆ ಬರುತ್ತದೆ. ಅದರ ಸಾರಾಂಶವನ್ನು ತೊಡೆಗಳು ಒಂದು ಗಂಟೆಯಲ್ಲಿ ಕಲಿಸುತ್ತವೆ. ಬುಡದ ಸಪಾಟು ನೆಲದಲ್ಲಿ ಪೆಡಲು ತಾನಾಗಿ ತಿರುಗುತ್ತದೆ. ಅಲ್ಲಿ ಜೇಡಿ ದಪ್ಪ, ನೀರು ನಿಲ್ಲುತ್ತದೆ, ಹುಟ್ಟುವ ಮದ್ಯ ಸಾಧಾರಣ. ಮೇಲೆ, ಕಾಡಿನ ಅಂಚಿಗೆ ಹೋದಂತೆ ಏರು ಕಡಿದಾಗಿ ಉಸಿರು ಕಟ್ಟುತ್ತದೆ; ಅಲ್ಲಿ ಮಣ್ಣು ತೆಳು, ಗಾಳಿ ತಣ್ಣಗೆ, ಹಣ್ಣು ಮಾಗುವುದು ನಿಧಾನ. ಇವೆರಡರ ಮಧ್ಯೆ, ಸೈಕಲ್ಲಿನಿಂದ ಇಳಿಯುವಷ್ಟು ಕಷ್ಟವೂ ಅಲ್ಲದ, ಮೈಮರೆಯುವಷ್ಟು ಸುಲಭವೂ ಅಲ್ಲದ ಒಂದು ಏರು ಇದೆಯಷ್ಟೆ. ಸುಣ್ಣಕಲ್ಲಿನ ಚೂರುಗಳು ಬೆರೆತು, ಮಳೆಯ ನೀರು ಬಸಿದುಹೋಗಿ, ಬೆಳಗಿನ ಬಿಸಿಲು ನೇರವಾಗಿ ಬೀಳುವ ಆ ನಡುಗಟ್ಟಿನಲ್ಲಿಯೇ ಲೋಕವಿಖ್ಯಾತವಾದ ತೋಟಗಳೆಲ್ಲ ಇರುವುದು. ಅಲ್ಲಲ್ಲಿ ಬೆಟ್ಟವನ್ನು ಸೀಳಿಕೊಂಡು ಬಂದ ಕಣಿವೆಗಳ ಬಾಯಿಗೆ ಬಂದಾಗ, ಆವರೆಗೆ ಬೆವರುತ್ತಿದ್ದ ತೋಳುಗಳಿಗೆ ತಟ್ಟನೆ ತಣ್ಣನೆಯ ಗಾಳಿ ತಾಕುತ್ತದೆ. ನೂರು ಗಜ ದಾಟಿದರೆ ಮತ್ತೆ ಬೆಚ್ಚಗೆ. ವಸಂತದ ಹಿಮ ಎಲ್ಲಿ ಚಿಗುರನ್ನು ಸುಡುತ್ತದೆ, ಎಲ್ಲಿ ಬಿಡುತ್ತದೆ ಎಂಬುದನ್ನು ಆ ತಂಪು ಬಹುಮಟ್ಟಿಗೆ ನಿರ್ಣಯಿಸುತ್ತದೆ.

ನಾನು ಹೋದದ್ದು ಜೂನ್ ತಿಂಗಳಲ್ಲಿ, ಬಳ್ಳಿ ಹೂಬಿಡುವ ಕಾಲ. ಅಷ್ಟು ಕೀರ್ತಿವಂತವಾದ ಹಣ್ಣಿಗೆ ಅಷ್ಟು ಅನಾಮಧೇಯವಾದ ಹೂವಿರಬಹುದೆಂದು ನಾನು ಎಣಿಸಿರಲಿಲ್ಲ. ಕಂಪು ಬಂತೆಂದು ತೋರಿ, ಸೈಕಲ್ಲನ್ನು ಗೋಡೆಗೊರಗಿಸಿ ಹುಡುಕಿದರೆ ಹೂವೇ ಕಾಣದು. ಎಲೆಯನ್ನು ಸರಿಸಿ ಬಗ್ಗಿ ನೋಡಿದಾಗ, ರಾಗಿಕಾಳಿನಷ್ಟು ದಪ್ಪದ ಹಸಿರು ಮೊಗ್ಗುಗಳ ಗೊಂಚಲು ಕಂಡಿತು. ಅದರ ದಳಗಳು ಬಿಚ್ಚಿ ಅರಳುವ ಸಂಪ್ರದಾಯವಿಲ್ಲ. ಐದೂ ಕೂಡಿಕೊಂಡು ಒಂದು ಪುಟ್ಟ ಟೊಪ್ಪಿಗೆಯಾಗಿ, ಬುಡದಿಂದ ಕಳಚಿ ಉದುರಿಹೋಗುತ್ತವೆ. ಉಳಿಯುವುದು ಕೂದಲೆಳೆಯಂಥ ಕೆಲವು ಕೇಸರಗಳು ಮಾತ್ರ. ಹೂವು ಬಿಟ್ಟ ನೂರನೆಯ ದಿನಕ್ಕೆ ಸುಗ್ಗಿ ಎಂಬುದು ಅಲ್ಲಿನ ಬೇಸಾಯಗಾರರ ಹಳೆಯ ಲೆಕ್ಕ. ಕಂಪೋ, ಇತ್ತೆಂದರೆ ಇತ್ತು, ಇಲ್ಲವೆಂದರೆ ಇಲ್ಲ. ವೇಗವಾಗಿ ತುಳಿದರೆ ಹಾರಿಹೋಗುವಂಥದು.

ಪುಲಿನ್ಯಿಯಿಂದ ಶಸಾನಿಗೆ ಹೋಗುವಾಗ ಒಂದು ಕಿರುದಾರಿ ಸಿಕ್ಕುತ್ತದೆ. ಬಲಗಡೆ, ಮೋಟುಗೋಡೆಯ ಆಚೆಗೆ, ಮೊಂರಾಶೆ ಎಂಬ ತೋಟ. ಶ್ವೇತಮದ್ಯಗಳಲ್ಲಿ ಅದಕ್ಕೆ ಮಿಗಿಲಾದದ್ದಿಲ್ಲವೆಂದು ಬಲ್ಲವರ ಮತ. ವಿಸ್ತೀರ್ಣ ಸುಮಾರು 8 ಹೆಕ್ಟೇರು, ಎಂದರೆ ನಮ್ಮ ಇಪ್ಪತ್ತು ಎಕರೆ. ಅದನ್ನೂ ಎರಡು ಗ್ರಾಮಗಳು ಹಂಚಿಕೊಂಡಿರುವುದಲ್ಲದೆ, 1879ರಲ್ಲಿ ಎರಡೂ ಅದರ ಹೆಸರನ್ನು ತಮ್ಮ ಹೆಸರಿನ ಬಾಲಕ್ಕೆ ಕಟ್ಟಿಕೊಂಡಿವೆ. ಎಡಗಡೆ, ದಾರಿಯ ಕೆಳಕ್ಕೆ, ಬಟಾರ್-ಮೊಂರಾಶೆ. ಅದೂ ಶ್ರೇಷ್ಠವೇ, ಆದರೆ ಒಂದು ಮೆಟ್ಟಿಲು ಕೆಳಗೆ. ಎರಡು ಕಡೆಯೂ ಅದೇ ಷಾರ್ಡೊನೆ ಬಳ್ಳಿ, ಅದೇ ಕತ್ತರಿ, ಅದೇ ತಂತಿ. ಸೈಕಲ್ಲನ್ನು ನಡುವೆ ನಿಲ್ಲಿಸಿ ಎರಡನ್ನೂ ಎಷ್ಟು ಹೊತ್ತು ದಿಟ್ಟಿಸಿದರೂ ನನಗೆ ಕಂಡ ವ್ಯತ್ಯಾಸ ಒಂದೇ: ಬಲಕ್ಕೆ ನೆಲ ಕೊಂಚ ಏರಿತ್ತು, ಎಡಕ್ಕೆ ಕೊಂಚ ಚಪ್ಪಟೆಯಾಗಿತ್ತು. ಆ ‘ಕೊಂಚ’ಕ್ಕೆ ಜಗತ್ತು ತೆರುವ ಬೆಲೆಯನ್ನು ಕೇಳಿದರೆ ಸಂಸಾರಿಗಳಿಗೆ ತಲೆ ತಿರುಗೀತು.

ಈ ಸೂಕ್ಷ್ಮ ವಿಭಜನೆಗೆ ಮೊದಲಿಟ್ಟವರಲ್ಲಿ ಸನ್ಯಾಸಿಗಳಿದ್ದರೆಂಬುದು ವಿನೋದದ ಸಂಗತಿ. 1098ರಲ್ಲಿ ಬೋನಿಗೆ ಅನತಿದೂರದ ಸೀತೋ ಎಂಬಲ್ಲಿ ಮಠ ಕಟ್ಟಿದ ವಿರಕ್ತರು ವೂಜೋ ಗ್ರಾಮದ ತೋಟವನ್ನು ಬೆಳೆಸಿದರು; ಸುಮಾರು 50 ಹೆಕ್ಟೇರಿನ ಅದರ ಸುತ್ತ ಅವರು ಎತ್ತಿದ ಗೋಡೆ ಇಂದಿಗೂ ನಿಂತಿದೆ. ಯಾವ ತುಂಡು ಎಂಥದೆಂದು ತಿಳಿಯಲು ಅವರು ಮಣ್ಣನ್ನೇ ನಾಲಗೆಗೆ ಹಚ್ಚಿ ನೋಡುತ್ತಿದ್ದರೆಂಬ ಕಥೆಯೂ ಉಂಟು. 1789ರ ಕ್ರಾಂತಿಯ ತರುವಾಯ ಮಠದ ಆಸ್ತಿ ಹರಾಜಾಯಿತು. ಮಕ್ಕಳಿಗೆಲ್ಲ ಸಮಪಾಲೆಂಬ ನೆಪೋಲಿಯನ್ನನ ಶಾಸನ ಬಂದಮೇಲೆ ದಾಯಾದಿಗಳ ಪಾಲು ತಲೆಮಾರಿನಿಂದ ತಲೆಮಾರಿಗೆ ಕಿರಿದಾಗುತ್ತ, ಸನ್ಯಾಸಿಗಳ ಆ ಒಂದು ತೋಟಕ್ಕೆ ಇಂದು ಎಂಬತ್ತರಷ್ಟು ಒಡೆಯರು. ಹಿಸ್ಸೆಯ ವ್ಯವಹಾರವನ್ನು ಬಲ್ಲ ನಮ್ಮವರಿಗೆ ಇದರ ವಿವರಣೆ ಬೇಕಿಲ್ಲ.

ನಿಶ್ಶಬ್ದವೆಂದೆನಲ್ಲದೆ ನಿರ್ಜನವೆನ್ನಲಿಲ್ಲ. ಬಳ್ಳಿಸಾಲುಗಳ ಅಂತರ ಒಂದೇ ಮೀಟರು. ಆದಕಾರಣ ಅಲ್ಲಿನ ಟ್ರಾಕ್ಟರುಗಳು ಕಾಲು ಅಗಲಿಸಿ ಸಾಲಿನ ಮೇಲೇ ಹಾದುಹೋಗುವಷ್ಟು ಎತ್ತರ. ಕಿರುದಾರಿಯಲ್ಲಿ ಅಂಥದೊಂದು ಎದುರಾದರೆ ಸೈಕಲ್ಲಿನವನು ಗೋಡೆಗೆ ಅಂಟಿಕೊಳ್ಳಬೇಕು. ಮೇಲೆ ಕುಳಿತ ರೈತ ಒಂದು ಬೆರಳೆತ್ತಿ ವಂದಿಸುತ್ತಾನೆ. ಹಳ್ಳಿಯ ಅಂಗಡಿಯೊಳಗೆ ಕಾಲಿಡುವವನು ‘ಬೊಂಜೂರ್’ ಎನ್ನದೆ ಬ್ರೆಡ್ಡಿನ ಮಾತೆತ್ತಿದರೆ ಅನಾಗರಿಕನೆನ್ನಿಸಿಕೊಳ್ಳುತ್ತಾನೆ. ಎಂದರೂ ಹನ್ನೆರಡೂವರೆಯ ಮೇಲೆ ಬಂದವನಿಗೆ ಬಹುಶಃ ಮುಚ್ಚಿದ ಬಾಗಿಲೇ ಗತಿ, ಏಕೆಂದರೆ ಅಂಗಡಿಯವರದು ಎರಡು ಗಂಟೆಯವರೆಗೆ ಊಟ. ಅಂಥ ಹೊತ್ತಿನಲ್ಲಿ ನೀರಡಿಸಿದ ಸೈಕಲ್ ಸವಾರರಿಗೆ ಫ್ರಾನ್ಸಿನ ಎಲ್ಲೆಡೆಯೂ ಒಂದು ಆಶ್ರಯವುಂಟು: ಊರಾಚೆಯ ಸ್ಮಶಾನ. ಸಮಾಧಿಗಳ ಮೇಲಿನ ಹೂಗಿಡಗಳಿಗೆಂದು ಅಲ್ಲಿ ನಲ್ಲಿ ಹಾಕಿರುತ್ತಾರೆ. ಕುಡಿಯಬಾರದೆಂಬ ಫಲಕವಿಲ್ಲವೆಂದು ನೋಡಿಕೊಂಡು ಬಾಟಲಿ ತುಂಬಿಸಿಕೊಳ್ಳಬಹುದು. ಮನೆಮನೆಯ ಬಾಗಿಲಲ್ಲೂ ಮದ್ಯದ ಬೋರ್ಡು ತೂಗುವ ಊರಿನಲ್ಲಿ ನೀರಿಗಾಗಿ ಸತ್ತವರ ಬಳಿಗೆ ಹೋಗಬೇಕಾದ ಸೋಜಿಗವನ್ನು ನಾನು ನಗುತ್ತಲೇ ಅನುಭವಿಸಿದೆ.

ಮದ್ಯ ಮುಟ್ಟದ ನಿನಗೆ ಅಲ್ಲಿ ಏನು ಕೆಲಸವಿತ್ತೆಂದು ಮಿತ್ರರು ಈಗಲೂ ಹಂಗಿಸುತ್ತಾರೆ. ಅವರ ಬಾಯಿ ಮುಚ್ಚಿಸಲು ನನಗೆ ಫ್ರೆಂಚ್ ಪ್ರಮಾಣವೇ ದೊರೆತಿದೆ. ಸೇಂಟ್ ಎತಿಯೆನ್ ನಗರದಲ್ಲಿದ್ದುಕೊಂಡು 1887ರಲ್ಲಿ ಸೈಕಲ್ಲಿಗೆಂದೇ ಪತ್ರಿಕೆ ತೆರೆದು, ಸೈಕಲ್ ಪ್ರವಾಸಕ್ಕೆ ಪಿತಾಮಹನೆನ್ನಿಸಿಕೊಂಡ ಪಾಲ್ ದ ವಿವಿ, ವೆಲೋಸಿಯೋ ಎಂಬ ಅಂಕಿತದಿಂದ ಬರೆಯುತ್ತಿದ್ದ ಶಾಕಾಹಾರಿ; ಸವಾರರಿಗೆ ಅವನು ವಿಧಿಸಿದ ಏಳು ನಿಯಮಗಳಲ್ಲಿ, ದಾರಿಯಲ್ಲಿರುವಷ್ಟು ಹೊತ್ತಾದರೂ ಮದ್ಯ, ಮಾಂಸ, ಹೊಗೆಸೊಪ್ಪುಗಳನ್ನು ವರ್ಜಿಸಬೇಕೆಂಬುದೂ ಒಂದು. ಮಿತಿಮೀರಿ ಕುಡಿದ ಸೈಕಲ್ ಸವಾರನನ್ನೂ ದಂಡಿಸುವ ಅಲ್ಲಿನ ಕಾನೂನೂ ನನ್ನ ಪಕ್ಷದಲ್ಲಿದೆ.

ಆದರೆ ನಿಜವಾದ ಉತ್ತರ ಬೇರೆ. ಆ ಏರು, ಕಲ್ಲು, ಕಣಿವೆಯ ತಂಪು, ಬೆಳಗಿನ ಬಿಸಿಲು ಇವೆಲ್ಲ ಕೂಡಿ ಬಂದ ಮೊತ್ತವೇ ಸೀಸೆಯಲ್ಲಿರುವುದು. ಕುಡಿಯುವವನು ಎಲ್ಲೋ ದೂರದಲ್ಲಿ ಕುಳಿತು, ಮೊತ್ತವೊಂದನ್ನೇ ನಾಲಗೆಯ ಮೇಲಿಟ್ಟುಕೊಂಡು, ಅದರೊಳಗಿನ ಬಾಬುಗಳನ್ನು ಊಹಿಸಿ ಬಿಡಿಸಬೇಕು. ಸೈಕಲ್ಲಿನವನಿಗೆ ಬಾಬುಗಳೆಲ್ಲ ಒಂದೊಂದಾಗಿ, ಬಿಡಿಬಿಡಿಯಾಗಿ, ಮೈಗೆ ತಾಕಿಯೇ ಸಲ್ಲುತ್ತವೆ. ಕೂಡಿದ ಲೆಕ್ಕ ಮಿತ್ರರಿಗಿರಲಿ. ಹಣ ಕೇಳುವುದೂ ಅದಕ್ಕೇ ತಾನೆ.