ಬೆತ್ತವಿಲ್ಲದ ಪೆಟ್ಟು

ಮಾಷ್ಟ್ರು ಎಂದರೆ ದೇವರಿಗೆ ಸಮಾನ ಎಂದು ನಂಬಿದ ಕಾಲದಲ್ಲಿ ಬೆಳೆದವನು ನಾನು. ಬೆತ್ತದ ರುಚಿ ನೋಡಿದವರೇ ನಾವೆಲ್ಲ. 1995ರ ಸುಮಾರಿಗೆ ನನ್ನ ಮಗ ಒಂದು ದಿನ ಅಂಗೈ ಬಾತುಕೊಂಡು ಮನೆಗೆ ಬಂದ. ಮರುದಿನ ನಾನು ಶಾಲೆಗೆ ಹೋಗಿ, "ಕಣ್ಣೆರಡು ಬಿಟ್ಟು ಎಲ್ಲಿ ಬೇಕಾದರೂ ಹೊಡೆಯಿರಿ ಮಾಷ್ಟ್ರೇ, ಹುಡುಗ ದಾರಿಗೆ ಬಂದರೆ ಸಾಕು" ಎಂದು ಹೇಳಿ ಬಂದೆ. ಅದನ್ನು ದೊಡ್ಡ ಮಾತೆಂದೇ ಆಗ ತಿಳಿದಿದ್ದೆ.

ಇಪ್ಪತ್ತು ವರ್ಷದ ನಂತರ, 2015ರ ಮಳೆಗಾಲದಲ್ಲಿ, ಆ ಮಾತು ನನ್ನನ್ನೇ ಚುಚ್ಚುವ ಪ್ರಸಂಗ ಬಂತು.

ಎಣ್ಮಕಜೆಯ ನಮ್ಮ ಅಂಗಡಿಯಲ್ಲಿ ಮೂಟೆ ಹೊರುವವನ ಮಗಳು ಐದನೆಯ ತರಗತಿಯಲ್ಲಿದ್ದಳು. ಸಂಜೆ ಶಾಲೆ ಬಿಟ್ಟ ಮೇಲೆ ಅಪ್ಪನ ಕೆಲಸ ಮುಗಿಯುವವರೆಗೆ ಅಂಗಡಿಯಲ್ಲೇ ಕುಳಿತಿರುವಳು. ಮಾತು ಸ್ವಲ್ಪ ತೊದಲು. ಆದರೆ ತೆಂಗಿನಕಾಯಿ ಎಣಿಸುವಾಗ ನನಗೆ ಲೆಕ್ಕ ತಪ್ಪಿದರೆ ಅವಳಿಗೆ ತಪ್ಪುತ್ತಿರಲಿಲ್ಲ. ಅಂಥವಳು ಜುಲೈ ಕಳೆಯುವಷ್ಟರಲ್ಲಿ ಮಾತು ಬಿಟ್ಟಳು. ಕೇಳಿದ್ದಕ್ಕೆ ತಲೆ ಆಡಿಸುವುದು ಮಾತ್ರ. ಕೊಟ್ಟ ಬಿಸ್ಕತ್ತನ್ನು ಹಸಿದವಳಂತೆ ತಿನ್ನುತ್ತಿದ್ದಳು.

ವಿಷಯ ತಿಳಿದದ್ದು ಅವಳ ಜತೆಗಾತಿಯಿಂದ. ಅಧ್ಯಾಪಕರು ಇವಳನ್ನೇ ಎಬ್ಬಿಸಿ ಪಾಠ ಓದಿಸುವುದು, ತೊದಲಿದರೆ ಹಾಗೆಯೇ ತೊದಲಿ ತೋರಿಸುವುದು, ತರಗತಿಯೆಲ್ಲ ನಗುವುದು. "ಹಳೇ ರೇಡಿಯೋ" ಎಂದು ಹೆಸರು ಬೇರೆ. ಸರಿಯಾಗಿ ಓದುವವರೆಗೆ ನಿಂತಿರಬೇಕೆಂದು ಊಟದ ಬೆಲ್ ಆದರೂ ಬಿಡುತ್ತಿರಲಿಲ್ಲ.

ಅಪ್ಪನಿಗೆ ಹೇಳಿದೆ. ಅವನು ಕೈ ಮುಗಿದ. "ಬೇಡ ಧನಿಗಳೇ, ನಾವು ಬಡವರು. ಕೇಳಲಿಕ್ಕೆ ಹೋದರೆ ನಾಳೆ ಮಗುವಿಗೇ ಕಷ್ಟ" ಎಂದ.

ನಿಜ ಹೇಳುತ್ತೇನೆ, ಅವನ ಮಾತು ಕೇಳಿ ನನಗೂ ಸಮಾಧಾನವೇ ಆಯಿತು. ಆ ಶಾಲೆಯ ಮಧ್ಯಾಹ್ನದ ಊಟಕ್ಕೆ ಹೆಸರು, ತರಕಾರಿ, ತೆಂಗಿನಕಾಯಿ ಹೋಗುತ್ತಿದ್ದದ್ದು ನಮ್ಮ ಅಂಗಡಿಯಿಂದ. ನಾಳೆ ನೋಡೋಣ, ನಾಡಿದ್ದು ನೋಡೋಣ ಎಂದು ದಿನ ದೂಡಿದೆ.

ಅಷ್ಟರಲ್ಲಿ ದಶಲಕ್ಷಣ ಪರ್ವ ಬಂತು. ದಿನಕ್ಕೊಂದು ಅಧ್ಯಾಯದಂತೆ ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರ ಓದುವ ಪದ್ಧತಿ ಬಂಧುಗಳಿಗೆಲ್ಲ ತಿಳಿದದ್ದೇ. ಏಳನೆಯ ದಿನ ವ್ರತಗಳ ಅಧ್ಯಾಯ. ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಹೊರಲಾರದ ಭಾರ ಹೊರಿಸುವುದು, ಅನ್ನ ನೀರು ತಡೆಯುವುದು. ಎಷ್ಟೋ ವರ್ಷ ಓದಿದ್ದೆ. ಕಟ್ಟಿದ ದನಕ್ಕೆ ಹೊತ್ತಿಗೆ ಹುಲ್ಲು ಹಾಕಿದರೆ ನನ್ನ ವ್ರತ ಉಳಿಯಿತೆಂದು ತಿಳಿದಿದ್ದೆ. ಆ ದಿನ ಐದನೆಯದಕ್ಕೆ ಬಂದಾಗ ಊಟದ ಹೊತ್ತಿನಲ್ಲಿ ಗೋಡೆಗೆ ಒರಗಿ ನಿಂತ ಮಗು ಕಣ್ಣಿಗೆ ಬಂತು. ತಡೆದವರು ಅಧ್ಯಾಪಕರು, ಸರಿ. ತಿಳಿದೂ ಸುಮ್ಮನಿದ್ದವನು ನಾನು.

ಪರ್ವ ಮುಗಿಯುವ ಮೊದಲೇ ಅವಳ ಅಪ್ಪನನ್ನು ಕರೆದುಕೊಂಡು ಮುಖ್ಯೋಪಾಧ್ಯಾಯರ ಕೋಣೆಗೆ ಹೋದೆ. ಅಧ್ಯಾಪಕರನ್ನೂ ಕರೆಸಿದರು. "ನಾನು ಮಗುವಿಗೆ ಒಂದು ಪೆಟ್ಟೂ ಹೊಡೆದಿಲ್ಲ, ತಮಾಷೆಗೆ ಹೇಳಿದ್ದು" ಎಂದರು ಅವರು.

"ಹೊಡೆದಿಲ್ಲ, ಒಪ್ಪುತ್ತೇನೆ. ಆದರೆ ಮಗು ಮಾತಾಡುವುದನ್ನೇ ಬಿಟ್ಟಿದೆಯಲ್ಲ ಸಾರ್" ಎಂದೆ. ಸ್ವರ ಏರಿಸಲಿಲ್ಲ. ಊಟ ತಡೆಯಬಾರದು, ತೊದಲನ್ನು ಅಣಕಿಸಬಾರದು ಎಂಬ ಎರಡೇ ಮಾತನ್ನು ಬರೆದುಕೊಂಡು ಹೋಗಿದ್ದೆ. ಅಪ್ಪನ ಸಹಿ, ಅದರ ಕೆಳಗೆ ನನ್ನ ಸಹಿ. ಶಿಕ್ಷಣ ಹಕ್ಕು ಕಾಯಿದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಅದರ 17ನೆಯ ಸೆಕ್ಷನ್ ಪ್ರಕಾರ ಮಗುವಿಗೆ ಪೆಟ್ಟು ಮಾತ್ರವಲ್ಲ, ಮಾನಸಿಕ ಕಿರುಕುಳವೂ ಕೂಡದು ಎಂಬುದನ್ನು ಮುಖ್ಯೋಪಾಧ್ಯಾಯರೇ ಆ ಅಧ್ಯಾಪಕರಿಗೆ ನೆನಪಿಸಿದರು.

ಅಧ್ಯಾಪಕರು ಕ್ಷಮೆ ಕೇಳಲಿಲ್ಲ. ಆದರೆ ಮರುದಿನದಿಂದ ಮಗು ಹೊತ್ತಿಗೆ ಉಂಡಿತು. ಶಾಲೆಯ ಸಾಮಾನು ಆ ವರ್ಷ ಬೇರೆ ಅಂಗಡಿಯಿಂದ ಹೋಯಿತು. ಹುಡುಗಿ ಮೊದಲಿನಂತೆ ಮಾತಾಡಲು ಕ್ರಿಸ್ಮಸ್ ರಜೆ ಕಳೆಯಬೇಕಾಯಿತು. ಈಗ ಅವಳು ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಈಗಲೂ ತೊದಲುತ್ತಾಳೆ, ಆದರೆ ಹೇಳಬೇಕಾದ್ದನ್ನು ಪೂರ್ತಿ ಹೇಳಿಯೇ ನಿಲ್ಲಿಸುತ್ತಾಳೆ.

ನಮ್ಮ ಎಣ್ಮಕಜೆಯ ಹೆಸರು ಹೊರಗಿನವರಿಗೆ ತಿಳಿದದ್ದು ಎಂಡೋಸಲ್ಫಾನ್‌ನಿಂದ. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಸುರಿದ ವಿಷದ ನೋವು ಇಲ್ಲಿಯ ಎಷ್ಟೋ ಮನೆಗಳಲ್ಲಿದೆ. ಈ ಹುಡುಗಿಯ ತೊದಲಿಗೆ ಅದು ಕಾರಣವೆಂದು ನಾನು ಹೇಳುವುದಿಲ್ಲ. ಆದರೆ ನಡೆಯಲು, ಮಾತಾಡಲು, ಕಲಿಯಲು ಕಷ್ಟಪಡುವ ಮಕ್ಕಳನ್ನು ಇಷ್ಟು ಹತ್ತಿರದಿಂದ ಕಂಡ ಊರಿನವರಾದ ನಮಗೆ ತಾಳ್ಮೆ ಉಳಿದವರಿಗಿಂತ ಹೆಚ್ಚೇ ಇರಬೇಕು.

2025ರ ಆಗಸ್ಟ್‌ನಲ್ಲಿ ನಮ್ಮ ಜಿಲ್ಲೆಯ ಕುಂಡಂಕುಳಿಯಲ್ಲಿ ಹತ್ತನೆಯ ತರಗತಿಯ ಹುಡುಗನೊಬ್ಬನ ಕಿವಿಯ ತಮಟೆಗೆ ಶಾಲೆಯಲ್ಲಿ ಬಿದ್ದ ಪೆಟ್ಟಿನಿಂದ ಗಾಯವಾಯಿತೆಂಬ ದೂರು ಬಂದು, ರಾಜ್ಯದ ಮಕ್ಕಳ ಹಕ್ಕುಗಳ ಆಯೋಗ ತಾನಾಗಿ ಕೇಸು ದಾಖಲಿಸಿದ್ದನ್ನು ಪತ್ರಿಕೆಯಲ್ಲಿ ಓದಿದೆವು. ಕಿವಿಯ ಗಾಯ ಡಾಕ್ಟರರಿಗೆ ಕಾಣುತ್ತದೆ. ಮಾತಿನ ಗಾಯವನ್ನು ಮನೆಯವರೇ ಕಾಣಬೇಕು. ಮಗು ಊಟ ಬಿಟ್ಟರೆ, ಮಾತು ಬಿಟ್ಟರೆ, ಶಾಲೆಯ ದಿನ ಮಾತ್ರ ಹೊಟ್ಟೆನೋವು ಎಂದರೆ ಗದರಿಸದೆ ಕೇಳಿ. ಮೊದಲು ಅಧ್ಯಾಪಕರಲ್ಲಿ, ಆಮೇಲೆ ಮುಖ್ಯೋಪಾಧ್ಯಾಯರಲ್ಲಿ ಶಾಂತವಾಗಿ ಮಾತಾಡಿ, ಬರೆದು ಕೊಡಿ. ಅಲ್ಲಿಗೂ ಆಗದಿದ್ದರೆ 1098ಕ್ಕೆ ಫೋನ್ ಮಾಡಬಹುದು.

ಆ ವರ್ಷ ಕ್ಷಮಾವಣಿಯ ದಿನ ಮಗನಿಗೆ ಈ ಕಥೆಯನ್ನೆಲ್ಲ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಳ್ಳೆಯದು ಮಾಡಿದಿರಿ ಅಪ್ಪ. ನನಗಾಗಿ ಮಾತ್ರ ಒಂದು ದಿನವೂ ಬರಲಿಲ್ಲ" ಎಂದ. ಬಂದಿದ್ದೆ, ಬಂದು ಏನು ಹೇಳಿದ್ದೆನೆಂಬುದು ಅವನಿಗೆ ಗೊತ್ತಿರಲಿಲ್ಲ. ಅದನ್ನೂ ಹೇಳಿ ಕೈ ಜೋಡಿಸಿದೆ. ವರ್ಷ ವರ್ಷವೂ ಬಂಧುಗಳಲ್ಲೆಲ್ಲ ಕ್ಷಮೆ ಕೇಳುತ್ತ ಬಂದವನು ಮಗನಲ್ಲಿ ಹೆಸರು ಹಿಡಿದು ಒಂದು ತಪ್ಪಿಗೆ ಕ್ಷಮೆ ಕೇಳಿದ್ದು ಅದೇ ಮೊದಲು.